ಅಪ್ಪ-ಅಮ್ಮನ ಜೊತೆ ದ್ವೀಪಕ್ಕೆ ಹೊರಡುವ ಮುಂಚೆ

ಡಿಸೆಂಬರ್ ರಜೆಗೆ ಟಿಕೆಟ್ ತೆಗೆಸಿದವರೆಲ್ಲ ಈಗ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಊರಿಗೆ ಹೋಗಿ ಮನೆಯಲ್ಲೇ ಕೂತರೆ ಮಕ್ಕಳಿಗೆ ಬೇಜಾರು. ಎಲ್ಲರೂ ಸೇರಿ ಸಮುದ್ರದ ಕಡೆ ಹೋಗಬೇಕು, ದ್ವೀಪದಲ್ಲಿ ರೆಸಾರ್ಟ್ ಸಿಕ್ಕರೆ ಇನ್ನೂ ಚೆಂದ. ಎಲ್ಲಿಗೆ ಹೋಗೋಣ? ಹೊರದೇಶದಲ್ಲಿರುವ ನಮ್ಮ ಕನ್ನಡ ಕೂಟದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಂದಿ ಜಾಸ್ತಿ. ಹಾಗಾಗಿ ಈ ಸಲದ ಸಂಪಾದಕೀಯ ಅದಕ್ಕೇ.

ಕೆಲವರು ಮಾಲ್ಡೀವ್ಸ್, ಅಂಡಮಾನ್ ಅಂತ ಶುರು ಮಾಡುತ್ತಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಎಪ್ಪತ್ತು ದಾಟಿದ ಅಪ್ಪ-ಅಮ್ಮನನ್ನು ಎರಡು ವಿಮಾನ, ಒಂದು ಸ್ಪೀಡ್‌ಬೋಟ್ ಹತ್ತಿಸಿ ಇಳಿಸುವಷ್ಟರಲ್ಲಿ ಅವರಿಗೂ ಸಾಕಾಗಿರುತ್ತದೆ, ನಿಮಗೂ ಸಾಕಾಗಿರುತ್ತದೆ. ಬೆಳಗಾವಿಯವರ ಪುಣ್ಯ ಏನೆಂದರೆ, ಬೆಳಗ್ಗೆ ಅವಲಕ್ಕಿ ತಿಂದು ಕಾರು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸಮುದ್ರ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಖಾನಾಪುರ, ರಾಮನಗರ, ಅನಮೋಡ ಹಿಡಿದರೆ ದಕ್ಷಿಣ ಗೋವಾ, ಅಲ್ಲಿಂದ ಮುಂದೆ ಕಾರವಾರ. ಅಂಬೋಲಿ ಘಾಟ್ ಇಳಿದರೆ ಮಹಾರಾಷ್ಟ್ರದ ಸಾವಂತವಾಡಿ, ಮಾಲವಣ. ವಿಜಯಪುರ, ಬಾಗಲಕೋಟೆಯವರು ಒಂದು ರಾತ್ರಿ ಬೆಳಗಾವಿಯಲ್ಲಿ ಉಳಿದು ಹೊರಡುವುದು ಒಳ್ಳೆಯದು. ಘಾಟ್ ಏನಿದ್ದರೂ ಬೆಳಕಿರುವಾಗಲೇ ಇಳಿಯಬೇಕು. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕಾಡಿನ ನಡುವೆ ಸಿಗ್ನಲ್ ಹೋದರೆ ಗೂಗಲ್ ಬಾಯಿಯೂ ಕಟ್ಟುತ್ತದೆ.

ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ವಿಧಾನಮಂಡಲದ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲೇ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ಬೆಳಗಾವಿಯ ಲಾಡ್ಜು, ಬಾಡಿಗೆ ಕಾರು, ಅಲ್ಲಿನ ಸಾಂಬ್ರಾ ನಿಲ್ದಾಣಕ್ಕೆ ಬರುವ ವಿಮಾನದ ಸೀಟು ಎಲ್ಲಕ್ಕೂ ಎಳೆದಾಟ. ಅಧಿವೇಶನದ ದಿನಾಂಕ ನೋಡಿಕೊಂಡೇ ಕಾರು ಗೊತ್ತು ಮಾಡಿ. ಗೋವಾಕ್ಕೇ ಇಳಿಯುವವರು ಟಿಕೆಟ್ ಮೇಲಿರುವುದು ಅಲ್ಲಿನ ಎರಡು ವಿಮಾನ ನಿಲ್ದಾಣಗಳಲ್ಲಿ ದಾಬೋಳಿಯೋ ಮೋಪಾನೋ ನೋಡಿಕೊಳ್ಳಿ. ಮೋಪಾ ಗೋವಾದ ಉತ್ತರ ತುದಿಯಲ್ಲಿದೆ. ಮಾಲವಣಕ್ಕೆ ಅದು ಅನುಕೂಲ, ಕಾರವಾರಕ್ಕೆ ದಾಬೋಳಿ ಹತ್ತಿರ.

ಮ್ಯಾಪ್‌ನಲ್ಲಿ ದೇವಬಾಗ್ ಅಂತ ಹುಡುಕಿದರೆ ಎರಡು ಸಿಗುತ್ತವೆ. ಒಂದು ಕಾರವಾರದ್ದು, ಇನ್ನೊಂದು ಮಾಲವಣದ್ದು. ನಡುವೆ ಇಡೀ ಗೋವಾ ಇದೆ! ಬುಕಿಂಗ್ ಒಂದು ಕಡೆ, ಡ್ರೈವರ್ ಇನ್ನೊಂದು ಕಡೆ ಆಗಬಾರದು.

ಕಾರವಾರದ ದೇವಬಾಗ್ ನಿಜ ಹೇಳಬೇಕೆಂದರೆ ದ್ವೀಪವಲ್ಲ. ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡದ ಕಡೆ, ನದಿಗೂ ಕಡಲಿಗೂ ನಡುವೆ ಚಾಚಿರುವ ಮರಳಿನ ಪಟ್ಟಿ. ಗಾಳಿಮರಗಳ ತೋಪು, ಒಂದು ಕಡೆ ಹೊಳೆ, ಒಂದು ಕಡೆ ಅಲೆ. ಸರ್ಕಾರದ ಜಂಗಲ್ ಲಾಡ್ಜಸ್‌ನವರ ರೆಸಾರ್ಟ್ ಇರುವುದು ಅಲ್ಲೇ. ದೋಣಿಯಲ್ಲಿ ಹೋಗಿ ಇಳಿದರೆ ದ್ವೀಪಕ್ಕೆ ಬಂದಂತೆಯೇ ಅನ್ನಿಸುತ್ತದೆ, ಮಕ್ಕಳಿಗೆ ಅಷ್ಟು ಸಾಕು. ಪಕ್ಕದ ಅಂಜದೀವ ದ್ವೀಪವನ್ನು ದೂರದಿಂದ ನೋಡಬಹುದು, ಅಷ್ಟೇ. ಅದು ನೌಕಾಪಡೆಯ ವಶದಲ್ಲಿದೆ.

ಮಾಲವಣದ ಕಡೆ ದ್ವೀಪ ಅಂದರೆ ಸಿಂಧುದುರ್ಗ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲು ಶುರು ಮಾಡಿಸಿದ ಕೋಟೆ. ಸುತ್ತ ಉಪ್ಪುನೀರು, ಒಳಗೆ ಹಾಲು, ಮೊಸರು, ಸಕ್ಕರೆ ಎಂಬ ಹೆಸರಿನ ಮೂರು ಸಿಹಿನೀರಿನ ಬಾವಿ. ಹಿರಿಯರಿಗೆ ಇದು ಬಹಳ ಇಷ್ಟವಾಗುತ್ತದೆ. ವಾಸಕ್ಕೆ ಪಕ್ಕದ ತಾರ್ಕರ್ಲಿ ಬೀಚ್, ನೋಡುವುದಕ್ಕೆ ಕೋಟೆ ಅಂತ ಇಟ್ಟುಕೊಳ್ಳಿ. ಬೆಳಗಾವಿಯ ಮರಾಠಿ ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ, ರೇಟೂ ಸ್ವಲ್ಪ ಇಳಿಯುತ್ತದೆ.

ರೆಸಾರ್ಟಿಗೆ ಫೋನ್ ಮಾಡಿದಾಗ ಎಲ್ಲರೂ ಕೇಳುವುದು ಎಸಿ ಇದೆಯಾ, ವೈಫೈ ಇದೆಯಾ ಅಂತ. ನನ್ನ ಕೇಳಿದರೆ ಮೊದಲ ಪ್ರಶ್ನೆ ಬೇರೆ: ದೋಣಿ ಹತ್ತುವುದು ಎಲ್ಲಿ, ಇಳಿಯುವುದು ಎಲ್ಲಿ? ಜೆಟ್ಟಿ ಇದ್ದರೆ ಚಿಂತೆಯಿಲ್ಲ. ಇಲ್ಲದ ಕಡೆ ದೋಣಿಯ ಅಂಚು ದಾಟಿ ಮೊಣಕಾಲುದ್ದ ನೀರಿಗೆ ಇಳಿಯಬೇಕು. ಅಲೆ ಬಂದಾಗ ದೋಣಿ ಒಂದು ಅಡಿ ಮೇಲೆ, ಹೋದಾಗ ಒಂದು ಅಡಿ ಕೆಳಗೆ. ಮಂಡಿನೋವಿನ ಅಮ್ಮ ಒಂದು ಕೈಯಲ್ಲಿ ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅಂಬಿಗನ ಭುಜ ಹಿಡಿದು ಕಾಲು ಎಲ್ಲಿಡಲಿ ಅಂತ ನಿಂತಿರುತ್ತಾರೆ. ಫೋಟೋದಲ್ಲಿ ಇದು ಕಾಣುವುದಿಲ್ಲ. ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಸಿ ಅಂತ ಮುಂಚೆಯೇ ಹೇಳಿದರೆ ಕೆಲಸ ಸುಲಭ. ಸೂಟ್‌ಕೇಸನ್ನು ಬೆಳಗಾವಿಯಲ್ಲೇ ಬಿಡಿ. ಮರಳಿನಲ್ಲಿ ಅದರ ಗಾಲಿ ಉರುಳುವುದಿಲ್ಲ.

ಎರಡನೆಯ ಪ್ರಶ್ನೆ, ಆ ದಿನ ಉಬ್ಬರ ಎಷ್ಟು ಹೊತ್ತಿಗೆ? ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಮಾಲವಣದ ದೇವಬಾಗ್ ಹತ್ತಿರ ಸುನಾಮಿ ಐಲ್ಯಾಂಡ್ ಅನ್ನುವ ಮರಳದಿಬ್ಬವಿದೆ, ಆಟಕ್ಕೆ ಎಲ್ಲರೂ ಹೋಗುವ ಜಾಗ. ಉಬ್ಬರ ಬಂದರೆ ಅಲ್ಲಿ ಕಾಲಡಿಯ ಮರಳೇ ಮುಳುಗುತ್ತದೆ. ಇಳಿತದ ಹೊತ್ತಿಗೆ ಹೋದವರಿಗೆ ಆಟ, ಉಬ್ಬರಕ್ಕೆ ಹೋದವರಿಗೆ ಬರೀ ದೋಣಿ ಸವಾರಿ. ಅಮ್ಮನ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ನೋಡಿ ದಿನ ಗೊತ್ತು ಮಾಡಿ, ಬಾಕಿ ವೇಳೆಯನ್ನು ಅಂಬಿಗರನ್ನೇ ಕೇಳಿ. ಬೇಸಿಗೆ ರಜೆಗೆ ಬಂದು ಜೂನ್‌ವರೆಗೆ ಎಳೆಯುವವರಿಗೆ ಒಂದು ಮಾತು: ಮಳೆ ಹಿಡಿದ ಮೇಲೆ ಪ್ರವಾಸಿ ದೋಣಿಗಳು ನಿಲ್ಲುತ್ತವೆ, ಸೆಪ್ಟೆಂಬರ್‌ವರೆಗೆ ಆಸೆ ಬಿಡಿ.

ಈಜಿನ ವಿಷಯಕ್ಕೆ ಬರೋಣ. ನಮ್ಮ ಕಡೆಯ ಗಂಡಸರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು, ಕೃಷ್ಣೆ, ಘಟಪ್ರಭೆಗೆ ಹಾರಿದವರು. ಆ ಧೈರ್ಯವೇ ಕಡಲಲ್ಲಿ ಅಪಾಯ. ಬಾವಿ ನೀರು ಯಾರನ್ನೂ ಪಕ್ಕಕ್ಕೆ ಎಳೆಯುವುದಿಲ್ಲ. ಸಮುದ್ರದಲ್ಲಿ ಅಲೆ ತಂದ ನೀರು ಒಂದು ಕಿರಿದಾದ ಜಾಗ ಹಿಡಿದು ವಾಪಸ್ ಓಡುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೋಡಲು ಶಾಂತವಾಗಿ ಕಾಣುತ್ತದೆ, ಮಂದಿ ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ನೇರವಾಗಿ ಗುದ್ದಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಬನ್ನಿ, ಆಮೇಲೆ ದಡಕ್ಕೆ ಬನ್ನಿ.

ಲೈಫ್ ಜಾಕೆಟ್ ಬಗ್ಗೆ ಚೌಕಾಸಿ ಬೇಡ. ಕಾರವಾರದ ಹತ್ತಿರ ಕೂರ್ಮಗಡ ಅನ್ನುವ ದ್ವೀಪವಿದೆ, ಅಲ್ಲಿ ವರ್ಷಕ್ಕೊಮ್ಮೆ ನರಸಿಂಹ ದೇವರ ಜಾತ್ರೆ. 2019ರ ಜನವರಿಯಲ್ಲಿ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಸೆಖೆ, ಗೀಚುತ್ತದೆ, ಫೋಟೋ ಚೆನ್ನಾಗಿ ಬರಲ್ಲ ಅಂತ ಯಾರು ಎಷ್ಟೇ ಗೊಣಗಲಿ, ಬಕಲ್ ಹಾಕಿಸಿಯೇ ದೋಣಿ ಬಿಡಿಸಿ. ಸೀಟಿಗಿಂತ ಜಾಸ್ತಿ ಜನ ಹತ್ತಿದರೆ ನೀವು ಇಳಿಯಿರಿ. ಇನ್ನೊಂದು ದೋಣಿ ಬಂದೇ ಬರುತ್ತದೆ.

ಹೊರದೇಶದ ಪಾಸ್‌ಪೋರ್ಟ್ ಇರುವವರು ಪಾಸ್‌ಪೋರ್ಟ್ ಮತ್ತು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಎರಡನ್ನೂ ಒಯ್ಯಿರಿ, ಕೌಂಟರಿನಲ್ಲಿ ಕೇಳುತ್ತಾರೆ. ವಿದೇಶಿಯರಿಗೆ ಬೇರೆ ರೇಟು ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿಬಿಡಿ. ಇಲ್ಲಿ ಬೆಟ್ಟ ಹತ್ತಲು ಬಳಸುವ ಸ್ಯಾಟಲೈಟ್ ಮೆಸೇಜಿಂಗ್ ಸಾಧನ ಬ್ಯಾಗಿನಲ್ಲಿದ್ದರೆ ತೆಗೆದು ಮನೆಯಲ್ಲಿಡಿ. ಭಾರತದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗರು ಇದೇ ಕಾರಣಕ್ಕೆ ಸಿಕ್ಕಿಬಿದ್ದಿದ್ದರು. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ, ಡ್ರೋನ್ ಮಾತೇ ಬೇಡ.

ಊಟದ ಚಿಂತೆ ಬೇರೆ. ಮೀನು ತಿನ್ನುವವರಿಗೆ ಬಂಗುಡೆ, ಇಸ್ವಾಣ, ಜೊತೆಗೆ ಕೋಕಂ-ತೆಂಗಿನ ಹಾಲಿನ ಸೋಲ್‌ಕಡಿ, ಸ್ವರ್ಗ. ತಿನ್ನದವರು ಒಂದು ದಿನ ಮುಂಚೆ ಹೇಳಿಡಬೇಕು. ಇಲ್ಲದಿದ್ದರೆ ಅನ್ನ, ದಾಲು, ಮತ್ತೆ ಅನ್ನ, ದಾಲು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು ಹೋದವರು ಜಾಣರು. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಕಡಲ ಗಾಳಿಗೆ ರೊಟ್ಟಿ ಬೇಗ ಮೆತ್ತಗಾಗುತ್ತದೆ.

ಬರುವಾಗ ಗೋವಾದ ಗೋಡಂಬಿ ಎಷ್ಟು ಬೇಕಾದರೂ ತನ್ನಿ. ಬಾಟಲಿ ಮಾತ್ರ ಪರ್ಮಿಟ್ ಇಲ್ಲದೆ ತರಬೇಡಿ. ಗಡಿಯ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸುತ್ತಾರೆ, ಆಗ ಹಿಂದಿನ ಸೀಟಿನಲ್ಲಿ ಅಪ್ಪ ಕೂತಿರುತ್ತಾರೆ ಅನ್ನುವುದು ನೆನಪಿರಲಿ.