ಚಿತ್ರ ಉಳಿಸಿದ್ದೀರಿ, ಇನ್ನು ಒಳ್ಳೆಯ ಡಿಸ್ಕ್ ಮಾಡಿ ಕೊಡಿ

ಮಾನ್ಯ ಸಂಪಾದಕರೇ,

ಡಿವಿಡಿಗಳ ಕಾಲ ಮುಗಿಯಿತು, ಇನ್ನೇನಿದ್ದರೂ ಮೊಬೈಲಿನಲ್ಲೇ ಸಿನಿಮಾ ಎಂಬ ಬರಹವನ್ನು ನಿಮ್ಮ ಸಿನಿಮಾ ಪುಟದಲ್ಲಿ ಓದಿದೆ. ಬೆಂಗಳೂರಿನವರಿಗೆ ಅದು ನಿಜ ಇರಬಹುದು. ನಮ್ಮ ಸುಂಟಿಕೊಪ್ಪದ ಕಡೆ ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ಟವರ್. ಕರೆಂಟು ವಾಪಸ್ ಬಂದರೂ ನೆಟ್ ಬರೋದಿಲ್ಲ. ಅಂಥ ವಾರಗಳಲ್ಲಿ ಮನೆಯಲ್ಲಿ ಓಡುವುದು ಡಿಸ್ಕ್ ಮಾತ್ರ. ಅದಿರಲಿ, ನಾನು ಈ ಪತ್ರ ಬರೆಯುತ್ತಿರುವುದು ಡಿವಿಡಿ ಬೇಕೋ ಬೇಡವೋ ಎಂಬ ಚರ್ಚೆಗಲ್ಲ. ಕನ್ನಡದ ಒಳ್ಳೆಯ ಚಿತ್ರಗಳು ಡಿಸ್ಕ್ ಆಗಿ ಬಂದ ರೀತಿಯ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅದಕ್ಕೆ.

ನಾನು ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವವಳು. ಕಲಾತ್ಮಕ ಚಿತ್ರಗಳ ಡಿಸ್ಕ್ ಕೂಡಿಡುವುದು ಕಾಲೇಜಿನಿಂದ ಬಂದ ಹವ್ಯಾಸ. ಕನ್ನಡದ್ದು, ಮಲಯಾಳದ್ದು, ಬಂಗಾಳಿಯದ್ದು, ಜಪಾನಿನದ್ದು ಎಲ್ಲ ಇವೆ. ಮೈಸೂರಿನಲ್ಲಿ ನಾನು ಕೊಳ್ಳುತ್ತಿದ್ದ ಅಂಗಡಿಗಳಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ನಮ್ಮ ಕೆಲಸದಲ್ಲಿ ಕಾಫಿಯ ಒಂದು ಚೀಲ ಹೊರಗೆ ಹೋಗಬೇಕಾದರೆ ಅದರ ಮೇಲೆ ಗ್ರೇಡ್ ಇರಲೇಬೇಕು. ಎಎ, ಎ, ಬಿ, ಪೀಬೆರಿ. ಜರಡಿಯಲ್ಲಿ ಆಡಿಸಿ, ಕಪ್ಪು ಬೀಜ, ಒಡೆದ ಬೀಜ ಹೆಕ್ಕಿ ತೆಗೆದ ಮೇಲೆಯೇ ಆ ಅಕ್ಷರ ಬೀಳುತ್ತದೆ. ಕೊಳ್ಳುವವರಿಗೆ ಒಳಗೆ ಏನಿದೆ ಅಂತ ಗೊತ್ತಿರುತ್ತದೆ. ಕನ್ನಡ ಡಿವಿಡಿಯ ಕವರ್ ತಿರುಗಿಸಿ ನೋಡಿ. ಕಲಾವಿದರ ಹೆಸರು, ಬೆಲೆ, ‘ಡಿಜಿಟಲ್ ರೀಮಾಸ್ಟರ್ಡ್’ (ಕಂಪ್ಯೂಟರಿನಲ್ಲಿ ಮತ್ತೆ ಚೊಕ್ಕ ಮಾಡಿದ್ದು) ಎಂಬ ಚಿನ್ನದ ಬಣ್ಣದ ಮುದ್ರೆ. ಯಾವ ಪ್ರಿಂಟ್‌ನಿಂದ ತೆಗೆದದ್ದು? ಚಿತ್ರ ಎಷ್ಟು ನಿಮಿಷ? ಫ್ರೇಮಿನ ಅಳತೆ ಏನು? ಒಂದೂ ಇರೋದಿಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನನ್ನ ಕಪಾಟಿನಿಂದಲೇ ಹೇಳುತ್ತೇನೆ. ಎಪ್ಪತ್ತರ ದಶಕದ ಒಂದು ಕಪ್ಪು ಬಿಳುಪು ಚಿತ್ರದ ಡಿವಿಡಿ ಇದೆ. ಚಿತ್ರದ ಹೆಸರೂ ಬೇಡ, ಕಂಪನಿಯ ಹೆಸರೂ ಬೇಡ. ಆ ಚಿತ್ರ ತೆಗೆದದ್ದು ಹಳೆಯ ಚೌಕದಂಥ ಫ್ರೇಮಿನಲ್ಲಿ. ಈಗಿನ ಅಗಲ ಟಿವಿ ತುಂಬಬೇಕು ಅಂತ ಮೇಲೂ ಕೆಳಗೂ ಕತ್ತರಿಸಿದ್ದಾರೆ. ಹಳೆಯ 4:3 (ಅಗಲ 4 ಪಾಲು, ಎತ್ತರ 3 ಪಾಲು) ಚಿತ್ರವನ್ನು ಈಗಿನ ಟಿವಿಯ 16:9ಕ್ಕೆ ಕತ್ತರಿಸಿದರೆ ಕಾಲು ಭಾಗ ಹೋಗುತ್ತದೆ. ಜಗುಲಿಯಲ್ಲಿ ನಿಂತವರ ತಲೆ ಇಲ್ಲ, ಅಂಗಳದಲ್ಲಿ ಕೂತವರ ಕೈ ಇಲ್ಲ. ಮೂಲೆಯಲ್ಲಿ ಕಂಪನಿಯ ಲೋಗೋ ಮೊದಲಿನಿಂದ ಕೊನೆಯವರೆಗೆ. ರಾತ್ರಿಯ ದೃಶ್ಯಗಳಲ್ಲಿ ಬರೀ ಕಪ್ಪು, ನೆರಳಿನೊಳಗೆ ಯಾರಿದ್ದಾರೆ ಎಂದೇ ತಿಳಿಯದು. ಹಾಗಾದರೆ ನಾನು ನೋಡಿದ್ದು ಆ ಚಿತ್ರವನ್ನೇ ಅಂತ ಹೇಗೆ ಹೇಳಲಿ?

ಇನ್ನು ಒಂದೇ ಡಿಸ್ಕಿನಲ್ಲಿ ಮೂರು ಚಿತ್ರ ತುಂಬುವ ಪದ್ಧತಿ. ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ಎರಡು ಪದರ ಇದ್ದರೆ 8.5. ಎರಡು ಗಂಟೆಯ ಒಂದು ಚಿತ್ರಕ್ಕೆ 4.7 ಸುಮಾರಾಗಿ ಸಾಕು. ಆರು ಗಂಟೆಯಷ್ಟನ್ನು ಅದರಲ್ಲೇ ತುರುಕಿದರೆ ಚಿತ್ರವನ್ನು ಹಿಂಡಲೇಬೇಕು. ಹಿಂಡಿದ್ದು ಎಲ್ಲಿ ಕಾಣುತ್ತದೆ ಗೊತ್ತಾ? ಮಳೆಯಲ್ಲಿ, ಎಲೆಯಲ್ಲಿ, ಹೊಗೆಯಲ್ಲಿ, ಹರಿಯುವ ನೀರಿನಲ್ಲಿ. ಒಂದೇ ಸಮ ಅಲುಗಾಡುವ ಇಂಥವಕ್ಕೆ ಜಾಸ್ತಿ ಜಾಗ ಬೇಕು. ಸಿಗದಿದ್ದರೆ ಚೌಕ ಚೌಕವಾಗಿ ಒಡೆಯುತ್ತವೆ. ನಮ್ಮ ಕಲಾತ್ಮಕ ಚಿತ್ರಗಳಲ್ಲಿ ಎಷ್ಟೋ ಮಲೆನಾಡಿನಲ್ಲಿ ತೆಗೆದವು. ‘ದ್ವೀಪ’ವನ್ನೇ ತೆಗೆದುಕೊಳ್ಳಿ. 2002ರ ಚಿತ್ರ. ಅದರ ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಏರುವ ನೀರು, ನಿಲ್ಲದ ಮಳೆ, ಒದ್ದೆ ಗುಡ್ಡ ಇಲ್ಲದೆ ಆ ಚಿತ್ರವೇ ಇಲ್ಲ. ಮಳೆಯ ಬೂದಿ ಬಣ್ಣದಲ್ಲಿ ಎಷ್ಟು ಬಗೆ ಇದೆ ಎಂಬುದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಆ ಬಗೆಗಳೆಲ್ಲ ಕಾಣುವ ಡಿಸ್ಕ್ ಬೇಕು ಎನ್ನುವುದು ಜಂಬದ ಮಾತಲ್ಲ.

ಅಳತೆಯ ಲೆಕ್ಕ ಒಂದನ್ನು ಓದುಗರು ನೆನಪಿಟ್ಟರೆ ಒಳ್ಳೆಯದು. ಹಳೆಯ ವಿಸಿಡಿಯ ಒಂದು ಫ್ರೇಮಿನಲ್ಲಿ ಇರುವುದು ಸುಮಾರು 1 ಲಕ್ಷ ಚುಕ್ಕೆ. ಡಿವಿಡಿಯಲ್ಲಿ ಸುಮಾರು 4 ಲಕ್ಷ. ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿನಲ್ಲಿ 20 ಲಕ್ಷ. 4ಕೆ ಅಂದರೆ 80 ಲಕ್ಷಕ್ಕೂ ಮೇಲೆ. ವಿಸಿಡಿಗೆ ಮಾಡಿಟ್ಟಿದ್ದ ಹಳೆಯ ಪ್ರತಿಯನ್ನೇ ಹಿಗ್ಗಿಸಿ ಡಿವಿಡಿ ಎಂದು ಮಾರಿದರೆ ಚುಕ್ಕೆ ಹೆಚ್ಚಾಗುತ್ತದೆ, ಒಳಗಿನ ವಿವರ ಒಂದೂ ಹೆಚ್ಚಾಗೋದಿಲ್ಲ. ಇದನ್ನು ಪತ್ತೆ ಮಾಡಲು ಯಂತ್ರ ಬೇಡ. ದೂರದಲ್ಲಿ ನಿಂತವರ ಮುಖ ನೋಡಿ, ಸೀರೆಯ ಅಂಚು ನೋಡಿ, ಮರದ ಎಲೆ ನೋಡಿ. ಡಿಸ್ಕಿನ ಕೆಳಮುಖವನ್ನೂ ಬೆಳಕಿಗೆ ಹಿಡಿದು ನೋಡಿ. ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿದ್ದು ಬೆಳ್ಳಗೆ ಹೊಳೆಯುತ್ತದೆ. ನೇರಳೆ ಛಾಯೆ ಇದ್ದರೆ ಅದು ಯಾರೋ ಕಂಪ್ಯೂಟರಿನಲ್ಲಿ ಬರೆದ ಡಿಸ್ಕ್. ಅಂಥದ್ದನ್ನು ಅಸಲಿ ಬೆಲೆಗೆ ಕೊಟ್ಟವರೂ ಇದ್ದಾರೆ.

ತುಂಬಾ ಚೊಕ್ಕಟ ಮಾಡುವುದೂ ತಪ್ಪೇ. ಫಿಲ್ಮಿಗೆ ಅದರದೇ ಸಣ್ಣ ಕಾಳು ಕಾಳಾದ ಗುಣ ಇದೆ. ಅದನ್ನು ಕೊಳೆ ಎಂದುಕೊಂಡು ಸಾಫ್ಟ್‌ವೇರಿನಿಂದ ಉಜ್ಜಿದರೆ ಮುಖದ ಸುಕ್ಕು, ಬೆವರು ಎಲ್ಲ ಮಾಯ. ದನಿಯಲ್ಲೂ ಹೀಗೇ. ‘ಚೋಮನ ದುಡಿ’ಯಲ್ಲಿ ಚೋಮ ಮಾತಿನಲ್ಲಿ ಹೇಳಲಾಗದ್ದನ್ನು ದುಡಿ ಹೇಳುತ್ತದೆ. ಗುಂಯ್‌ಗುಡುವ ಸದ್ದು ತೆಗೆಯಲು ಹೋಗಿ ದುಡಿಯ ಪೆಟ್ಟನ್ನೂ ಮೊಂಡು ಮಾಡಿದರೆ ಉಳಿಯುವುದೇನು? ಪಾಲ್ ಪದ್ಧತಿಯ (ನಮ್ಮ ದೇಶದ ಟಿವಿ ಪದ್ಧತಿ) ಡಿಸ್ಕ್‌ಗಳಲ್ಲಿ ಇನ್ನೊಂದು ಸಂಗತಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸುತ್ತಾರೆ. 100 ನಿಮಿಷದ ಚಿತ್ರ 96 ನಿಮಿಷಕ್ಕೇ ಮುಗಿಯುತ್ತದೆ, ಶ್ರುತಿಯೂ ಸ್ವಲ್ಪ ಏರುತ್ತದೆ. ಅಲ್ಲಿ ದೃಶ್ಯ ಕತ್ತರಿಸಿರೋದಿಲ್ಲ. ಕವರ್ ಮೇಲೆ ಇಷ್ಟು ಬರೆದುಬಿಟ್ಟರೆ ಕೊಂಡವರಿಗೆ ಅನುಮಾನ ಇರೋದಿಲ್ಲ.

ಒಳ್ಳೆಯ ಕೆಲಸ ಹೇಗಿರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತ್ಯಜಿತ್ ರಾಯ್ ಅವರು ಅಪು ಎಂಬವನ ಬದುಕಿನ ಬಗ್ಗೆ ತೆಗೆದ ಮೂರು ಚಿತ್ರಗಳ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದಕ್ಕೆ ಬೆಂಕಿ ಬಿದ್ದಾಗ ಸುಟ್ಟವು. ಸುಟ್ಟು ಮುದುಡಿದ ಆ ಸುರುಳಿಗಳನ್ನು ಎಸೆಯದೆ ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯವರು ಇಟ್ಟುಕೊಂಡಿದ್ದರು. ವರ್ಷಗಳ ನಂತರ ಇಟಲಿಯ ಬೊಲೋನ್ಯಾದ ಲ್ಯಾಬಿನಲ್ಲಿ ಅವನ್ನು ಮೆತ್ತಗೆ ಮಾಡಿ, ಬಿಡಿಸಿ, ಅಂಟಿಸಿ, ಬಳಸಲಾಗುವಷ್ಟನ್ನು ಬಳಸಿದರು. ಉಳಿದದ್ದಕ್ಕೆ ಬೇರೆ ಪ್ರಿಂಟ್‌ಗಳನ್ನು ಹುಡುಕಿದರು. ಹೊಸ ಪ್ರತಿಗಳು 2015ರಲ್ಲಿ ಬಂದವು. ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್‌ನವರ ಆ ಡಿಸ್ಕ್‌ಗಳನ್ನು ಹೊರದೇಶದಲ್ಲಿರುವ ನಮ್ಮ ಭಾವನವರು ತಂದುಕೊಟ್ಟರು. ಅಮೆರಿಕದ ಡಿಸ್ಕ್ ನಮ್ಮ ಪ್ಲೇಯರಿನಲ್ಲಿ ಸುಮ್ನೆ ಓಡೋದಿಲ್ಲ, ರೀಜನ್ (ಯಾವ ದೇಶಗಳಲ್ಲಿ ಓಡಬೇಕು ಎಂದು ಡಿಸ್ಕಿಗೆ ಹಾಕುವ ಗುರುತು) ಬೇರೆ. ಅದಕ್ಕೆಂದೇ ಎಲ್ಲ ರೀಜನ್ ಓಡಿಸುವ ಪ್ಲೇಯರ್ ಕೊಂಡೆವು. ಅವುಗಳಲ್ಲಿ ಮೊದಲನೆಯದಾದ ‘ಪಥೇರ್ ಪಾಂಚಾಲಿ’ಯಲ್ಲಿ ಮುದುಕಿ ಇಂದಿರ್ ಠಾಕ್ರುನ್ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು. ನಮ್ಮ ಅತ್ತೆ ಟಿವಿಯ ಹತ್ತಿರ ಹೋಗಿ ಕೂತರು.

ಈಗ ನಮ್ಮ ‘ಘಟಶ್ರಾದ್ಧ’ದ ವಿಷಯ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಚಿತ್ರ, ಯು.ಆರ್. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಯಮುನಕ್ಕನಾಗಿ ಮೀನಾ ಕುಟ್ಟಪ್ಪ. ಇದನ್ನು ಹಳೆಯ ಚಿತ್ರಗಳನ್ನು ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮತ್ತೆ ಹೊಸದಾಗಿ ಸಿದ್ಧಮಾಡಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸುದ್ದಿ ಓದಿ ನನಗೆ ಎಷ್ಟು ಸಂತೋಷವಾಯಿತು ಎಂದರೆ ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ‘ಎಲ್ಲಿ ನೋಡೋದು ಮೇಡಂ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯಲ್ಲಿ ಕೊಳ್ಳುವ ಹಾಗೆ ಅದರ ಡಿಸ್ಕ್ ನನಗೆ ಎಲ್ಲೂ ಸಿಕ್ಕಿಲ್ಲ. ನಾಣಿ ಎಂಬ ಹುಡುಗನ ಕಣ್ಣಿನಿಂದ ಕಾಣುವ ಕಥೆ ಅದು. ಕಾಡಿನ ಕತ್ತಲೆ, ದೀಪದ ಬೆಳಕು, ಆ ಕತ್ತಲೆಯಲ್ಲಿ ಯಮುನಕ್ಕನ ಮುಖ ಎಷ್ಟು ಕಾಣಬೇಕೋ ಅಷ್ಟೇ ಕಾಣಬೇಕು. ವೆನಿಸ್‌ನವರು ಅದನ್ನು ಸರಿಯಾಗಿ ನೋಡಿದರು. ಕಥೆ ಯಾರ ಊರಿನದೋ ಆ ಮಲೆನಾಡಿನವರು, ಪಕ್ಕದ ಕೊಡಗಿನವರು ಮಸುಕು ಪ್ರತಿಯನ್ನೇ ನೋಡಬೇಕಾ?

ಹಕ್ಕು ಯಾರ ಬಳಿ ಇದೆಯೋ ಅವರಲ್ಲೂ, ಕರ್ನಾಟಕ ಚಲನಚಿತ್ರ ಅಕಾಡೆಮಿಯವರಲ್ಲೂ ನನ್ನ ಬೇಡಿಕೆ ಇದು. ‘ಘಟಶ್ರಾದ್ಧ’ದಿಂದಲೇ ಶುರು ಮಾಡಿ. ಒಂದು ಡಿಸ್ಕಿಗೆ ಒಂದೇ ಚಿತ್ರ ಇರಲಿ. ಮೂಲ ಫ್ರೇಮ್ ಹಾಗೆಯೇ ಇರಲಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ಇಂಗ್ಲಿಷ್ ಸಬ್‌ಟೈಟಲ್ ಬೇಡದವರು ತೆಗೆಯುವ ಹಾಗಿರಬೇಕು, ಚಿತ್ರದ ಮೇಲೆ ಅಚ್ಚೊತ್ತಬಾರದು. ಕನ್ನಡ ಸಬ್‌ಟೈಟಲ್ ಕೂಡ ಖಂಡಿತ ಬೇಕು. ಕನ್ನಡ ಚಿತ್ರಕ್ಕೆ ಕನ್ನಡ ಅಕ್ಷರ ಯಾಕೆ ಅಂತ ಕೇಳುವವರು ನಮ್ಮ ಅತ್ತೆಯನ್ನು ನೋಡಬೇಕು. ಅವರಿಗೆ ಕಿವಿ ಮಂದ, ಆದರೆ ಪೇಪರ್ ಪೂರ್ತಿ ಓದುತ್ತಾರೆ. ನಮ್ಮ ಮನೆಮಾತು ಅರೆಭಾಷೆ. ‘ಘಟಶ್ರಾದ್ಧ’ದ ಅಗ್ರಹಾರದ ಮಾತು ವೇಗವಾಗಿ ಬಂದಾಗ ಕಿವಿ ಚೆನ್ನಾಗಿರುವ ನಮಗೂ ಅಕ್ಷರ ಇದ್ದರೆ ಅನುಕೂಲ.

ಕೊಳ್ಳುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಕನ್ನಡದಲ್ಲಿ ದೊಡ್ಡ ಪುಸ್ತಕಗಳಿಗೆ ಪ್ರಕಟಣಪೂರ್ವ ಬೆಲೆ ಇಟ್ಟು ಮೊದಲೇ ಹಣ ಕಟ್ಟಿಸಿಕೊಳ್ಳುವ ರೂಢಿ ಇದೆ ಅಲ್ವಾ? ಡಿಸ್ಕಿಗೂ ಹಾಗೇ ಮಾಡಲಿ. ಎಷ್ಟು ಜನ ಕಟ್ಟುತ್ತಾರೋ ನೋಡಿಕೊಂಡು ಅಚ್ಚು ಹಾಕಲಿ. ಬರೀ ಮೂವತ್ತು ರೂಪಾಯಿಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಚೆನ್ನಾಗಿ ಮಾಡಿದರೆ ಸಾವಿರ ಕೊಡುತ್ತೇನೆ. ಮಡಿಕೇರಿಯ ಜಿಲ್ಲಾ ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಬರಲಿ, ಕೊಳ್ಳಲಾಗದವರು ಅಲ್ಲಿಂದ ತರಲಿ. ಅಲ್ಲಿ ಇಡುವವರಿಗೆ ಒಂದು ಮಾತು: ನಮ್ಮ ಮಳೆಗಾಲದಲ್ಲಿ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಬೇಕು. ಡಿವಿಡಿಯಲ್ಲಿ ಮಾಹಿತಿಯ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ. ವಿಸಿಡಿಯಲ್ಲಿ ಅದು ಲೇಬಲ್‌ನ ಕೆಳಗೇ ಇರುವುದರಿಂದ ಮೇಲೆ ಗೀರು ಬಿದ್ದರೂ ಮುಗಿಯಿತು. ವಿಸಿಡಿಯಲ್ಲಿ ಮಾತ್ರ ಇರುವ ಚಿತ್ರ ಯಾರ ಮನೆಯಲ್ಲಾದರೂ ಇದ್ದರೆ ಈಗಲೇ ಕಂಪ್ಯೂಟರಿಗೆ ಒಂದು ಪ್ರತಿ ಮಾಡಿಟ್ಟುಕೊಳ್ಳಿ.

ಕೊನೆಯದಾಗಿ, ಸಂಪಾದಕರೇ, ನಿಮ್ಮಿಂದ ಆಗುವ ಒಂದು ಕೆಲಸ ಇದೆ. ಹೊಸ ಚಿತ್ರ ಬಿಡುಗಡೆಯಾದ ಮರುದಿನ ವಿಮರ್ಶೆ ಹಾಕುತ್ತೀರಿ. ಹಳೆಯ ಕನ್ನಡ ಚಿತ್ರ ಡಿಸ್ಕ್ ಆಗಿ ಬಂದರೂ, ನೆಟ್‌ನಲ್ಲಿ ಬಂದರೂ ಅದರ ಪ್ರತಿ ಹೇಗಿದೆ ಎಂದು ನಾಲ್ಕು ಸಾಲು ಬರೆಸಿ. ಫ್ರೇಮ್ ಪೂರ್ತಿ ಇದೆಯಾ, ಅವಧಿ ಸರಿ ಇದೆಯಾ, ದನಿ ಕೇಳುತ್ತದಾ, ಎಲ್ಲಿಂದ ತೆಗೆದ ಪ್ರತಿ. ಪೇಪರಿನಲ್ಲಿ ಬರುತ್ತದೆ ಎಂದು ಗೊತ್ತಾದರೆ ಮಾಡುವವರು ಸ್ವಲ್ಪ ಹುಷಾರಾಗಿ ಮಾಡುತ್ತಾರೆ. ಬರೆಯುವವರು ಸಿಗದಿದ್ದರೆ ನನ್ನ ಕಪಾಟಿನಲ್ಲಿರುವ ಡಿಸ್ಕ್‌ಗಳ ಬಗ್ಗೆ ನಾನೇ ಬರೆದು ಕಳಿಸುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು
ಸುಂಟಿಕೊಪ್ಪ, ಕೊಡಗು