ಚಳಿಗಾಲದ ಗಾಜಿನಮನೆ ಪ್ರವಾಸಕ್ಕೆ ಬೇಸಿಗೆಯ ವೇಳಾಪಟ್ಟಿ: ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಗುಂಪು ಪ್ರವಾಸ ವಿಭಾಗ

ವಿಷಯ: ಫೆಬ್ರವರಿ ಎರಡನೇ ಭಾನುವಾರದ ಪ್ರವಾಸದಲ್ಲಿ ಆದ ಲೋಪಗಳು ಮತ್ತು ಹಣ ವಾಪಸಾತಿ

ಮಾನ್ಯರೇ,

ನಮ್ಮ ಕೈತೋಟ ಬಳಗದ 32 ಸದಸ್ಯರನ್ನು ಸಾರ್ವಜನಿಕ ಉದ್ಯಾನದ ಗಾಜಿನಮನೆಗಳಿಗೆ ಕರೆದೊಯ್ಯುವ ಹೊಣೆಯನ್ನು ನಿಮ್ಮ ಸಂಸ್ಥೆ ಒಪ್ಪಿಕೊಂಡಿತ್ತು. ಪೂರ್ತಿ ಹಣವನ್ನು ಮೂರು ವಾರ ಮೊದಲೇ ಕಟ್ಟಿದ್ದೆವು. ನಾವು ಕೇಳಿದ್ದೇ ಒಂದು, ನೀವು ತೋರಿಸಿದ್ದೇ ಇನ್ನೊಂದು.

ಬುಕಿಂಗ್ ಮಾಡುವಾಗ "ಈ ಚಳಿಯಲ್ಲಿ ಉದ್ಯಾನವೇ ಮೇಡಂ?" ಎಂದು ನಿಮ್ಮ ಸಿಬ್ಬಂದಿ ನಕ್ಕಿದ್ದರು. ಕಾರಣವನ್ನು ಆಗಲೇ ಬಿಡಿಸಿ ಹೇಳಿದ್ದೆ. ಹೊರಗೆ ಮರಗಳು ಬೋಳಾಗಿರುವ ಹೊತ್ತಿನಲ್ಲೇ ಒಳಗೆ ಆರ್ಕಿಡ್‌ಗಳು ಹೂ ಬಿಟ್ಟಿರುತ್ತವೆ. ಫಿಲಿಪ್ಪೀನ್ಸ್ ಕಾಡಿನ ಜೇಡ್ ಬಳ್ಳಿ ಚಳಿಗಾಲದ ಕೊನೆಗೇ ತನ್ನ ನೀಲಿಹಸಿರು ಗೊಂಚಲುಗಳನ್ನು ಇಳಿಬಿಡಲು ಶುರು ಮಾಡುತ್ತದೆ. ಅದನ್ನು ನೋಡಬೇಕೆಂದೇ ನಮ್ಮ ಹಿರಿಯರೊಬ್ಬರು 78ರ ವಯಸ್ಸಿನಲ್ಲಿ ಬಸ್ಸು ಹತ್ತಿದ್ದರು.

ಎರಡು ದಿನ ಮೊದಲು ಬಂದ ವೇಳಾಪಟ್ಟಿಯನ್ನು ಓದಿದಾಗಲೇ ಅನುಮಾನ ಬಂದು ಫೋನ್ ಮಾಡಿದೆ. "ಎಲ್ಲಾ ನೋಡ್ಕೋತೀವಿ ಮೇಡಂ" ಎಂದರು. ನಂಬಿದ್ದು ನನ್ನ ತಪ್ಪು. ಅದು ಬೇಸಿಗೆಯ ಪಟ್ಟಿ. ದಿನಾಂಕ ಒಂದನ್ನು ಬದಲಿಸಿ ನಮಗೆ ಕಳಿಸಿದ್ದೀರಿ.

ಮೊದಲ ಒಂದೂಕಾಲು ಗಂಟೆ ಗುಲಾಬಿ ತೋಟಕ್ಕೆ ಹೋಯಿತು. ಹೊರಗೆ ಮೂರು ಡಿಗ್ರಿ. ಸವರಿ ಬಿಟ್ಟ ಮೊಂಡು ಕಡ್ಡಿಗಳ ಮುಂದೆ ನಿಂತು ಗೈಡ್ ಬಣ್ಣಗಳ ಬಗ್ಗೆ ಮಾತಾಡಿದರು. ಆಮೇಲೆ "ಬೃಹತ್ ನೈದಿಲೆ ದರ್ಶನ". ಚಳಿಗಾಲದ ಬೆಳಕು ಸಾಲದ್ದರಿಂದ ಆ ಗಿಡವನ್ನು ಇಂಥ ಕಡೆ ಪ್ರತಿವರ್ಷ ಬೀಜದಿಂದಲೇ ಹೊಸದಾಗಿ ಬೆಳೆಸುತ್ತಾರೆ. ನಾವು ಹೋದಾಗ ಕೊಳದ ನೀರು ಬಸಿದು, ಗಮ್‌ಬೂಟು ಹಾಕಿದ ಒಬ್ಬರು ತಳದ ಪಾಚಿ ಉಜ್ಜುತ್ತಿದ್ದರು. ನಮ್ಮನ್ನು ಕಂಡು ಪಾಪ, ಅವರಿಗೇ ಮುಜುಗರವಾಯಿತು.

ಮರುಭೂಮಿ ಸಸ್ಯಗಳ ಮನೆಯಲ್ಲಿ ಗೈಡ್ ನೋಡಲು ಕ್ಯಾಕ್ಟಸ್‌ನಂತೆಯೇ ಇರುವ, ಆದರೆ ಬೇರೆಯೇ ಕುಟುಂಬದ ಒಂದು ಯುಫೋರ್ಬಿಯಾ ಗಿಡವನ್ನು ಕ್ಯಾಕ್ಟಸ್ ಎಂದು ಪರಿಚಯಿಸಿದರು. ಕ್ಯಾಕ್ಟಸ್‌ನ ಮುಳ್ಳು ಪುಟ್ಟ ದಿಂಬಿನಂಥ ಗುರುತಿನಿಂದ ಹೊರಡುತ್ತದೆ, ಯುಫೋರ್ಬಿಯಾಗೆ ಆ ದಿಂಬಿಲ್ಲ, ಗೀರಿದರೆ ಬಿಳಿ ಹಾಲು ಸುರಿಯುತ್ತದೆ ಎಂದು ನಮ್ಮವರೇ ಹೇಳಿಕೊಟ್ಟರು. ತೋಟಗಾರಿಕೆ ಬಲ್ಲ ಗೈಡ್ ಎಂದು ನೀವು ಬರೆದುಕೊಟ್ಟಿದ್ದಿರಿ. ಇರಲಿ, ಅದು ದೊಡ್ಡ ತಕರಾರಲ್ಲ.

ದೊಡ್ಡ ತಕರಾರು ಇದು: ಉಷ್ಣವಲಯದ ಮನೆಗೆ ನಿಮ್ಮ ಪಟ್ಟಿಯಲ್ಲಿದ್ದ ಸಮಯ ಸಂಜೆ 4.30. ಚಳಿಗಾಲದಲ್ಲಿ ಅದು ನಾಲ್ಕಕ್ಕೇ ಮುಚ್ಚುತ್ತದೆ, ಗೇಟಿನ ಬೋರ್ಡಿನಲ್ಲೇ ಬರೆದಿದೆ. ಸದಸ್ಯರೊಬ್ಬರು ಅದನ್ನು ಓದಿ ಕೂಗಿದ್ದಕ್ಕೆ 3.35ಕ್ಕೆ ಓಡಿ ಒಳಗೆ ಸೇರಿದೆವು. ಸಿಕ್ಕಿದ್ದು 25 ನಿಮಿಷ. ಕೊರೆಯುವ ಚಳಿಯಿಂದ ಆ ಬಿಸಿ ತೇವಕ್ಕೆ ಕಾಲಿಟ್ಟ ಕೂಡಲೇ ಕನ್ನಡಕಕ್ಕೂ ಕ್ಯಾಮೆರಾಕ್ಕೂ ಹಬೆ ಕವಿಯಿತು. ಲೆನ್ಸು ಬೆಚ್ಚಗಾಗಿ ತಿಳಿಯಾಗುವುದರೊಳಗೆ ಅರ್ಧ ಸಮಯ ಮುಗಿದಿತ್ತು. ನಮ್ಮ ಹಿರಿಯರು ಶಾಲಿನ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಾ ಬಳ್ಳಿ ಎಲ್ಲಿದೆ ಎಂದು ಕೇಳುತ್ತಿದ್ದಾಗಲೇ ಗಂಟೆ ಬಾರಿಸಿತು. ಬಳ್ಳಿ ಆ ಮನೆಯ ಇನ್ನೊಂದು ತುದಿಯಲ್ಲಿತ್ತು.

ಗಿಡಗಳ ವಿಚಾರ. ಉದ್ಯಾನದ ಮಳಿಗೆಯಲ್ಲಿ ಹನ್ನೊಂದು ಜನ ಫಿಟ್ಟೋನಿಯಾ, ಅಲೋಕೇಸಿಯಾದಂಥ ಉಷ್ಣವಲಯದ ಎಲೆಗಿಡಗಳನ್ನೂ ಎಳೆಯ ಆರ್ಕಿಡ್‌ಗಳನ್ನೂ ಕೊಂಡರು. ಮಳಿಗೆಯವರು ಪೇಪರ್ ಸುತ್ತಿಕೊಟ್ಟು, ಬಸ್ಸಿನೊಳಗೆ ಬೆಚ್ಚಗಿಡಿ ಎಂದು ಎಚ್ಚರಿಸಿದ್ದರು. ಸೀಟಿಗೆ ಮಣ್ಣಾಗುತ್ತದೆ ಎಂದು ಡ್ರೈವರ್ ಎಲ್ಲವನ್ನೂ ಕೆಳಗಿನ ಲಗೇಜ್ ಡಿಕ್ಕಿಗೆ ತುಂಬಿಸಿದರು. ಬೇಡವೆಂದು ನಾವು ಹೇಳಿದ್ದಕ್ಕೆ ಗೈಡ್ ಸಾಕ್ಷಿ. ಹೀಟರ್ ಇಲ್ಲದ ಆ ಡಿಕ್ಕಿಯಲ್ಲಿ ಮೂರು ಗಂಟೆ. ಇಂಥ ಗಿಡಗಳು ಸಾಯಲು ಮಂಜುಗಟ್ಟಲೇಬೇಕೆಂದಿಲ್ಲ, ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯೇ ಅವುಗಳ ಜೀವಕೋಶಗಳನ್ನು ಕೆಡಿಸುತ್ತದೆ. ಮರುದಿನ ಬೆಳಿಗ್ಗೆ ನನ್ನ ಫಿಟ್ಟೋನಿಯಾದ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕುಂಡದ ಅಂಚಿಗೆ ಅಂಟಿಕೊಂಡಿದ್ದವು. ಮೂರನೇ ದಿನಕ್ಕೆ ಕಪ್ಪಾದವು. ಹನ್ನೊಂದರಲ್ಲಿ ಒಂಬತ್ತು ಜನರ ಗಿಡಗಳ ಕಥೆ ಇದೇ.

ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಚೊಕ್ಕಟವಾಗಿತ್ತು. ಅದರಲ್ಲಿ ದೂರಿಲ್ಲ.

ತಲಾ ಶುಲ್ಕದ ಅರ್ಧ ಭಾಗವನ್ನೂ ಒಂಬತ್ತು ಸದಸ್ಯರ ಗಿಡಗಳ ಬೆಲೆಯನ್ನೂ ಹಿಂದಿರುಗಿಸಬೇಕು. ಅದು ಬೇಡವೆಂದರೆ ಮಾರ್ಚ್ ಮುಗಿಯುವುದರೊಳಗೆ, ಜೇಡ್ ಬಳ್ಳಿಯಲ್ಲಿ ಹೂ ಇರುವಾಗಲೇ, ಹೆಚ್ಚುವರಿ ಹಣ ಕೇಳದೆ ಇನ್ನೊಮ್ಮೆ ಕರೆದೊಯ್ಯಿರಿ. ಆಗಲೂ ಗಿಡಗಳ ಹಣ ಕೊಡಲೇಬೇಕು. 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕರ ವೇದಿಕೆಗೆ ಹೋಗುತ್ತೇವೆ.

ನಿಮ್ಮ ವೇಳಾಪಟ್ಟಿಯ ಪ್ರತಿ, ಗೇಟಿನ ಬೋರ್ಡಿನ ಫೋಟೊ, ಗಿಡಗಳ ರಸೀದಿಗಳು ಮತ್ತು ಕಪ್ಪಾದ ಎಲೆಗಳ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಕಾರ್ಯದರ್ಶಿ,
ಕೈತೋಟ ಬಳಗ