ಆರೂ ತಂತಿ ಒತ್ತಿದರೆ ಜಾಝ್ ಆಗಲ್ಲ

ಸಂಪಾದಕರೇ,

ನಿಮ್ಮ ಪುರವಣಿಯ ಗಿಟಾರ್ ಪಾಠ ಓದಿದೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಚಿತ್ರಗಳು ಚೆನ್ನಾಗಿವೆ. ಆದರೆ ಜಾಝ್ ನುಡಿಸೋಕೆ ಇನ್ನೂ ದೊಡ್ಡ ಕಾರ್ಡ್ ಬೇಕು ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಅದಕ್ಕೆ ನನ್ನ ತಕರಾರು ಇದೆ.

ನಾನೂ ಹಾಗೇ ನಂಬಿ ಎರಡು ವರ್ಷ ಮಣಿಕಟ್ಟು ನೋಯಿಸಿಕೊಂಡವನು. ಆರೂ ತಂತಿ ಒತ್ತಿ, ನೈಂತ್, ಥರ್ಟೀಂತ್ (ಕಾರ್ಡಿನ ಹೆಸರಿನ ಸ್ವರದಿಂದ ಎಣಿಸಿದರೆ ಒಂಬತ್ತನೆಯದು, ಹದಿಮೂರನೆಯದು) ಅಂತ ಸಿಕ್ಕಿದ್ದನ್ನೆಲ್ಲ ತುರುಕಿ ನುಡಿಸುತ್ತಿದ್ದೆ. ಮನೆಯಲ್ಲಿ ಒಬ್ಬನೇ ಕೂತಾಗ ಭರ್ಜರಿ. ಬೇಸ್ (ತಗ್ಗು ಸ್ವರದ ವಾದ್ಯ), ಕೀಬೋರ್ಡ್ ಜೊತೆ ಸೇರಿದ ಕೂಡಲೇ ಕಲಸುಮೇಲೋಗರ. "ನನ್ನ ಕೆಲಸ ನೀನ್ಯಾಕೆ ಮಾಡ್ತೀಯ ಮಾರಾಯ?" ಅಂತ ಬೇಸ್ ನುಡಿಸುವ ಗೆಳೆಯ ಕೇಳೇಬಿಟ್ಟ.

ಅವನು ಹೇಳಿದ್ದು ಸರಿ. ಕಂಪಿಂಗ್ ಅಂದರೆ ಪಕ್ಕವಾದ್ಯ ಅಷ್ಟೇ. ಮೂಲಸ್ವರ, ಅಂದರೆ ಕಾರ್ಡಿಗೆ ಹೆಸರು ಕೊಡುವ ಸ್ವರ, ಬೇಸ್‌ನವರು ನೋಡಿಕೊಳ್ಳುತ್ತಾರೆ. ಐದನೆಯ ಸ್ವರ ಬಿಟ್ಟರೂ ಸಾಮಾನ್ಯವಾಗಿ ಯಾರಿಗೂ ಗೊತ್ತಾಗಲ್ಲ. ಕಾರ್ಡ್ ಯಾವ ಜಾತಿಯದು ಅಂತ ಹೇಳೋದು ಮೂರನೆಯ ಮತ್ತು ಏಳನೆಯ ಸ್ವರ. ಅವೆರಡನ್ನು ಇಟ್ಟುಕೊಂಡು, ಖಾಲಿಯಾದ ಜಾಗದಲ್ಲಿ ನೈಂತ್, ಥರ್ಟೀಂತ್‌ನಂಥ ಬಣ್ಣ ಹಾಕಬೇಕು.

ಗಿಟಾರ್ ಇದ್ದರೆ ಈಗಲೇ ನೋಡಿ. ಡಿ ಮೈನರ್, ಜಿ ಸೆವೆಂತ್, ಸಿ ಮೇಜರ್. ಜಾಝ್‌ನಲ್ಲಿ ಎಲ್ಲೆಲ್ಲೂ ಸಿಗುವ ಸಾಲು ಇದು. ದಪ್ಪನೆಯ ಎರಡು ತಂತಿ ಮುಟ್ಟಲೇಬೇಡಿ. ನಾಲ್ಕನೆಯ ತಂತಿಯಿಂದ ಒಂದನೆಯದರವರೆಗೆ ಫ್ರೆಟ್ (ಗಿಟಾರ್ ಕುತ್ತಿಗೆ ಮೇಲಿನ ಅಡ್ಡಪಟ್ಟಿ) 3-5-5-5, ಆಮೇಲೆ 3-4-5-5, ಕೊನೆಗೆ 2-4-3-3. ಮೊದಲನೆಯದರಿಂದ ಎರಡನೆಯದಕ್ಕೆ ಸರಿಯೋದು ಒಂದೇ ಸ್ವರ, ಅದೂ ಒಂದೇ ಫ್ರೆಟ್. ಅಷ್ಟರಲ್ಲಿ ಡಿ ಮೈನರ್ ನೈಂತ್ ಹೋಗಿ ಜಿ ಥರ್ಟೀಂತ್ ಬಂದಿರುತ್ತದೆ! ಒಬ್ಬರೇ ನುಡಿಸಿದರೆ ಮೊದಲನೆಯದು ಬರೀ ಎಫ್ ಮೇಜರ್ ಸೆವೆಂತ್ ಥರ ಕೇಳುತ್ತದೆ, ಕೆಳಗೆ ಬೇಸ್‌ನ ಡಿ ಬಿದ್ದಾಗಲೇ ಅದರ ಬಣ್ಣ ತಿಳಿಯೋದು. ಇನ್ನೂ ಮಜಾ ಅಂದರೆ, ಎರಡನೆಯ ಕಾರ್ಡ್ ಹಿಡಿದಾಗ ಬೇಸ್‌ನವರು ಜಿ ಬದಲು ಡಿ ಫ್ಲಾಟ್ ನುಡಿಸಿದರೆ ಬೆರಳು ಕದಲಿಸದೇ ಅದಕ್ಕೆ ಖಾರ ಬೀಳುತ್ತದೆ.

ಎಲ್ಲ ಕಡೆ ಇಷ್ಟು ಬಣ್ಣವೂ ಬೇಡ. ಅಮೆರಿಕದ ದೊಡ್ಡ ಜಾಝ್ ತಂಡವಾದ ಕೌಂಟ್ ಬೇಸಿ ಬ್ಯಾಂಡಿನ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ 1937ರಲ್ಲಿ ಸೇರಿ, 1987ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಡಿಮೆ ಅಲ್ಲೇ ನುಡಿಸಿದರು. ಆಂಪ್ಲಿಫೈಯರ್ ಇಲ್ಲದ ಗಿಟಾರ್, ಎಣಿಕೆಗೊಂದು ಹೊಡೆತ. ಎರಡು ಮೂರು ಸ್ವರ, ಎಷ್ಟೋ ಸಲ ಕಿವಿಗೆ ಬೀಳೋದು ಒಂದೇ. ಟ್ರಂಪೆಟ್, ಸ್ಯಾಕ್ಸೊಫೋನ್‌ಗಳೇ ಅಷ್ಟೊಂದು ಬಣ್ಣ ಚೆಲ್ಲುವಾಗ ಗಿಟಾರ್ ಇನ್ನೇನು ಮಾಡಬೇಕು? ಮೂರು ಜನರ ತಂಡದಲ್ಲಾದರೆ ಜಾಗ ಜಾಸ್ತಿ, ಮೇಲೆ ಹೇಳಿದ ಹಿಡಿತಗಳು ಅಲ್ಲಿಗೆ. ಕೀಬೋರ್ಡ್‌ನವರಿದ್ದರೆ ಅವರ ಎಡಗೈ ಏನು ಮಾಡುತ್ತಿದೆ ಅಂತ ಮೊದಲು ಕೇಳಿಸಿಕೊಳ್ಳಿ, ಕೆಲವೊಮ್ಮೆ ಸುಮ್ನೆ ಇರೋದೂ ಕಂಪಿಂಗೇ ಅಲ್ವಾ.

ಮುಂದಿನ ಪಾಠದಲ್ಲಿ ಈ ಮೂರು ಚಿತ್ರಗಳನ್ನು ಒಂದರ ಪಕ್ಕ ಒಂದು ಹಾಕಿ. ಬೇರೆ ಬೇರೆ ಪುಟದಲ್ಲಿ ಹಾಕಿದರೆ ಆ ಒಂದು ಬೆರಳು ಸರಿದದ್ದು ಮಕ್ಕಳಿಗೆ ಕಾಣುವುದೇ ಇಲ್ಲ.

ಇತಿ,
ಒಬ್ಬ ಓದುಗ, ಮೈಸೂರು